ಐಸೊಲೇಷನ್ ಗಟ್ಟಿಯಿದ್ದರೂ ಮಾಸ್ಫೆಟ್ ಸುಟ್ಟಿತೇಕೆ?

ಪ್ರಶ್ನೆ: ಐಜಿಬಿಟಿ ಎಂಬ ಪವರ್ ಸ್ವಿಚ್‌ಗಳಿಂದ ಕಟ್ಟಿದ್ದ ಹಾಫ್ ಬ್ರಿಡ್ಜ್ (ಮೇಲೊಂದು ಕೆಳಗೊಂದು ಸ್ವಿಚ್ ಇರುವ) ಸರ್ಕ್ಯೂಟ್‌ನಲ್ಲಿ ಅವುಗಳ ಬದಲಿಗೆ, ಇನ್ನೂ ವೇಗವಾಗಿ ಸ್ವಿಚ್ ಆಗುವ 1200 ವೋಲ್ಟ್ ದರ್ಜೆಯ ಸಿಲಿಕಾನ್ ಕಾರ್ಬೈಡ್ ಮಾಸ್ಫೆಟ್‌ಗಳನ್ನು ಹಾಕಿದೆ. ಅವುಗಳ ಗೇಟಿಗೆ ಆನ್–ಆಫ್ ಸಂಕೇತ ಕೊಡುವ ಗೇಟ್ ಡ್ರೈವರ್ ಮಾತ್ರ ಹಳೆಯದೇ. 5 ಕಿಲೋವೋಲ್ಟ್ ಐಸೊಲೇಷನ್ (ನಿಯಂತ್ರಣ ಭಾಗವನ್ನು ಹೈ ವೋಲ್ಟೇಜ್ ಭಾಗದಿಂದ ಬೇರ್ಪಡಿಸುವ ತಡೆ) ಇರುವ, ಸಂಕೇತವನ್ನು ಬೆಳಕಿನ ಮೂಲಕ ದಾಟಿಸುವ ಆಪ್ಟೋಕಪ್ಲರ್ ಮಾದರಿಯದು. 100 ವೋಲ್ಟ್‌ನಲ್ಲಿ ಚೆನ್ನಾಗಿ ನಡೆಯುತ್ತಿದ್ದುದು 600 ವೋಲ್ಟ್ ತಲುಪುತ್ತಿದ್ದಂತೆ ಎರಡೂ ಮಾಸ್ಫೆಟ್‌ಗಳು ಸುಟ್ಟುಹೋದವು. ಕಾರಣವೇನು?

ಉತ್ತರ: ಐಸೊಲೇಷನ್ ಒಡೆದಿರುವ ಸಂಭವ ಕಡಿಮೆ. 5 ಕಿಲೋವೋಲ್ಟ್ ಎಂಬ ಅಂಕಿ, ಆ ತಡೆ ಎಷ್ಟು ವೋಲ್ಟೇಜನ್ನು ತಾಳಬಲ್ಲದು ಎಂಬುದನ್ನಷ್ಟೇ ಹೇಳುತ್ತದೆ. ವೋಲ್ಟೇಜ್ ಎಷ್ಟು ವೇಗವಾಗಿ ಬದಲಾದರೆ ಡ್ರೈವರ್ ದಾರಿ ತಪ್ಪಿ, ಆಫ್ ಇರಬೇಕಾದ ಮಾಸ್ಫೆಟನ್ನೂ ಆನ್ ಮಾಡುತ್ತದೆ ಎಂಬುದು ಬೇರೆಯೇ ಮಾತು. ಮೇಲಿನ ಮಾಸ್ಫೆಟ್‌ನ ಸೋರ್ಸ್ ಪ್ರತಿ ಸ್ವಿಚಿಂಗ್‌ನಲ್ಲೂ ಸೊನ್ನೆಯಿಂದ 600 ವೋಲ್ಟ್‌ಗೆ ಜಿಗಿಯುತ್ತದೆ, ಅದರೊಂದಿಗೆ ಡ್ರೈವರ್‌ನ ಔಟ್‌ಪುಟ್ ಭಾಗವೂ ಜಿಗಿಯುತ್ತದೆ. ಈ ಜಿಗಿತ 10 ನ್ಯಾನೋಸೆಕೆಂಡಿನಲ್ಲಿ ಮುಗಿದರೆ ವೇಗ ನ್ಯಾನೋಸೆಕೆಂಡಿಗೆ 60 ವೋಲ್ಟ್. ಐಸೊಲೇಷನ್ ತಡೆ ಎಷ್ಟೇ ಗಟ್ಟಿಯಾಗಿರಲಿ, ಅದು ಒಂದು ಪುಟ್ಟ ಕೆಪಾಸಿಟರ್ ಕೂಡ ಹೌದು. ತಡೆಯ ಆಚೀಚೆ ಒಟ್ಟು 10 ಪಿಕೋಫ್ಯಾರಡ್ ಇದ್ದರೂ ಆ ಕ್ಷಣದಲ್ಲಿ 0.6 ಆಂಪಿಯರ್ ಕರೆಂಟ್ ನಿಯಂತ್ರಣ ಭಾಗದ ಗ್ರೌಂಡ್‌ಗೆ ನುಗ್ಗುತ್ತದೆ. ಹಳೆಯ ಆಪ್ಟೋಕಪ್ಲರ್ ಡ್ರೈವರ್‌ಗಳು ಸಾಮಾನ್ಯವಾಗಿ ನ್ಯಾನೋಸೆಕೆಂಡಿಗೆ 15ರಿಂದ 25 ವೋಲ್ಟ್‌ವರೆಗಿನ ಬದಲಾವಣೆಗೆ ಮಾತ್ರ ಭರವಸೆ ಕೊಡುತ್ತವೆ. ಸಿಲಿಕಾನ್ ಕಾರ್ಬೈಡ್‌ಗೆಂದೇ ಮಾಡಿದವು ನ್ಯಾನೋಸೆಕೆಂಡಿಗೆ 100 ವೋಲ್ಟ್ ಅಥವಾ ಅದಕ್ಕೂ ಹೆಚ್ಚನ್ನು ತಾಳುತ್ತವೆ.

ಡ್ರೈವರ್ ಬದಲಿಸಿದವರೂ ಮರೆಯುವುದು ಅದಕ್ಕೆ ವಿದ್ಯುತ್ ಒದಗಿಸುವ ಸಣ್ಣ ಟ್ರಾನ್ಸ್‌ಫಾರ್ಮರನ್ನು. ಎರಡು ವೈಂಡಿಂಗ್‌ಗಳನ್ನು ಒಂದರ ಮೇಲೊಂದು ಸುತ್ತಿದ್ದರೆ ಅವುಗಳ ನಡುವಿನ ಕೆಪಾಸಿಟೆನ್ಸ್ ಡ್ರೈವರ್ ಚಿಪ್‌ನದ್ದಕ್ಕಿಂತ ಹತ್ತಾರು ಪಟ್ಟು ಹೆಚ್ಚಿರಬಹುದು. ಅವನ್ನು ಬಾಬಿನ್‌ನ (ತಂತಿ ಸುತ್ತುವ ಚೌಕಟ್ಟಿನ) ಎರಡು ಬೇರೆ ಬೇರೆ ಕೋಣೆಗಳಲ್ಲಿ ಸುತ್ತಿಸಿ. ಹೀಗೆ ದೂರವಿಟ್ಟರೆ ಲೀಕೇಜ್ ಇಂಡಕ್ಟೆನ್ಸ್ (ಒಂದು ವೈಂಡಿಂಗ್‌ನಿಂದ ಇನ್ನೊಂದನ್ನು ತಲುಪದ ಕಾಂತ ಪ್ರವಾಹದ ಪರಿಣಾಮ) ಹೆಚ್ಚುವುದು ನಿಜ, ಆದರೆ ಇಲ್ಲಿ ಬೇಕಾದ ಶಕ್ತಿಯೇ ಅಲ್ಪ: 120 ನ್ಯಾನೋಕೂಲಂಬ್ ಗೇಟ್ ಚಾರ್ಜ್, 22 ವೋಲ್ಟ್ ಅಂತರ, 100 ಕಿಲೋಹರ್ಟ್ಸ್ ಎಂದಿಟ್ಟುಕೊಂಡರೆ ಸುಮಾರು 0.26 ವ್ಯಾಟ್.

ಎರಡನೆಯ ಅನುಮಾನ ಮಿಲ್ಲರ್ ಕರೆಂಟ್‌ನ ಮೇಲೆ. ಮೇಲಿನದು ಆನ್ ಆದಾಗ ಕೆಳಗಿನ ಮಾಸ್ಫೆಟ್‌ನ ಡ್ರೇನ್ ಥಟ್ಟನೆ ಏರಿ, ಡ್ರೇನ್–ಗೇಟ್ ಕೆಪಾಸಿಟೆನ್ಸ್ ಮೂಲಕ ಅದರ ಗೇಟನ್ನೂ ಎತ್ತುತ್ತದೆ. ಈ ಮಾಸ್ಫೆಟ್‌ಗಳ ಥ್ರೆಷೋಲ್ಡ್, ಅಂದರೆ ಆನ್ ಆಗತೊಡಗುವ ಗೇಟ್ ವೋಲ್ಟೇಜ್, ಎರಡು-ಮೂರು ವೋಲ್ಟ್ ಮಾತ್ರ, ಬಿಸಿಯಾದಂತೆ ಅದು ಇನ್ನೂ ಇಳಿಯುತ್ತದೆ. ಆದ್ದರಿಂದ ಆಫ್ ಸ್ಥಿತಿಯಲ್ಲಿ ಸೊನ್ನೆಯ ಬದಲು ಡೇಟಾಶೀಟ್ ಒಪ್ಪುವಷ್ಟು ಋಣ ವೋಲ್ಟೇಜ್, ಸಾಮಾನ್ಯವಾಗಿ −4 ಅಥವಾ −5, ಕೊಡುವುದು ಮತ್ತು ಮಿಲ್ಲರ್ ಕ್ಲ್ಯಾಂಪ್ (ಆಫ್ ಇರುವಾಗ ಗೇಟನ್ನು ಮೇಲೇರದಂತೆ ಹಿಡಿಯುವ ಏರ್ಪಾಡು) ಇರುವ ಡ್ರೈವರ್ ಆರಿಸುವುದು ಕ್ಷೇಮ.

ಕಾರಣ ಯಾವುದೇ ಇರಲಿ, ಎರಡೂ ಮಾಸ್ಫೆಟ್‌ಗಳು ಒಟ್ಟಿಗೆ ಆನ್ ಆದರೆ ಅದು ಶಾರ್ಟ್ ಸರ್ಕ್ಯೂಟ್; ಆದ್ದರಿಂದ ಅದರ ರಕ್ಷಣೆಯನ್ನೂ ನೋಡಿ. ಐಜಿಬಿಟಿ ಸುಮಾರು 10 ಮೈಕ್ರೋಸೆಕೆಂಡ್ ತಾಳುವ ಶಾರ್ಟನ್ನು ಈ ಮಾಸ್ಫೆಟ್‌ಗಳಲ್ಲಿ ಹಲವು ಎರಡು-ಮೂರು ಮೈಕ್ರೋಸೆಕೆಂಡ್ ಮಾತ್ರ ತಾಳುತ್ತವೆ. ಐಜಿಬಿಟಿಗೆಂದು ಇಟ್ಟ ಹಳೆಯ ರಕ್ಷಣಾ ಸೆಟ್ಟಿಂಗ್ ಎಚ್ಚರಗೊಳ್ಳುವಷ್ಟರಲ್ಲಿ ಎಲ್ಲ ಮುಗಿದಿರುತ್ತದೆ.

ಐಸೊಲೇಷನ್ ದಾಟುವ ಕರೆಂಟ್, ಮಿಲ್ಲರ್ ಕರೆಂಟ್, ಈ ಎರಡರಲ್ಲಿ ಯಾವುದು ನಿಮ್ಮ ಕಾರಣವೆಂದು ತಿಳಿಯಲು, ಕೆಳಗಿನ ಮಾಸ್ಫೆಟ್ ತೆಗೆದು ಅಲ್ಲಿ ಅದೇ ದರ್ಜೆಯ ಷಾಟ್ಕಿ ಡಯೋಡ್ ಇಟ್ಟು, ಇಂಡಕ್ಟರ್ ಲೋಡ್‌ನೊಂದಿಗೆ ಡಬಲ್ ಪಲ್ಸ್ ಪರೀಕ್ಷೆ (ಮೇಲಿನ ಗೇಟಿಗೆ ಎರಡೇ ಪಲ್ಸ್ ಕೊಟ್ಟು ನೋಡುವುದು) ಮಾಡಿ. ವೋಲ್ಟೇಜನ್ನು 50 ವೋಲ್ಟ್‌ಗಳ ಮೆಟ್ಟಿಲಿನಲ್ಲಿ ಏರಿಸಿ. ಮೇಲಿನ ಗೇಟಿನಲ್ಲಿ ನೀವು ಕೊಡದ ಪಲ್ಸ್ ಕಂಡರೆ ದೋಷ ಐಸೊಲೇಷನ್ ದಾಟಿ ಬಂದ ಕರೆಂಟಿನದು. 600 ವೋಲ್ಟ್‌ವರೆಗೂ ಸ್ವಚ್ಛವಾಗಿದ್ದರೆ ಕೆಳಗಿನ ಗೇಟನ್ನೇ ಮೊದಲು ಸರಿಪಡಿಸಿ. ಅಳೆಯುವಾಗ ಆಸಿಲೋಸ್ಕೋಪ್ ಪ್ರೋಬ್‌ನ ಉದ್ದನೆಯ ಗ್ರೌಂಡ್ ಕ್ಲಿಪ್ಪನ್ನು ಬಳಸಲೇಬೇಡಿ. ಅದರ ತಂತಿಯ ಸುರುಳಿಯು ನಿಜಕ್ಕೂ ಇರದ ಸ್ಪೈಕನ್ನೂ ತೋರಿಸುತ್ತದೆ.