ಅಟ್ಲಾಂಟಾದಲ್ಲಿ ಹದಿಹರೆಯದ ಮಕ್ಕಳಿಗೆ ಡ್ರಗ್ಸ್, ಎಚ್‌ಐವಿ ಬಗ್ಗೆ ಪಾಠ ಮಾಡಬೇಕಿದೆ. ಮನಸ್ಸಿಗೆ ನಾಟುವಂತೆ ಹೇಗೆ ಹೆದರಿಸಲಿ?

ಚರ್ಚೊಂದರ ಸಂಜೆ ತರಗತಿಗೆ ಬರುವ ಕಪ್ಪು ಮತ್ತು ಲ್ಯಾಟಿನೋ (ಲ್ಯಾಟಿನ್ ಅಮೆರಿಕ ಮೂಲದ) ಮಕ್ಕಳಿಗೆ ಪಾಠ ಮಾಡಲು ಒಪ್ಪಿಕೊಂಡಿದ್ದೇನೆ, ಭಯ ಹುಟ್ಟಿಸುವ ಸ್ಲೈಡುಗಳು ಬೇಕು ಅಂತ ಬರೆದಿದ್ದೀರಿ. ಅಟ್ಲಾಂಟಾಕ್ಕೆ ಬಂದ ಹೊಸದರಲ್ಲಿ ನಾನು ಮಾಡಿದ್ದೂ ಇದನ್ನೇ. ಊರಿನ ದಕ್ಷಿಣಕ್ಕೆ ಕ್ಲೇಟನ್ ಕೌಂಟಿಯಲ್ಲಿ ಗಣಿತ ಹೇಳಿಕೊಡಲು ಹೋಗುತ್ತಿದ್ದೆ. ಆರೋಗ್ಯದ ಪಾಠ ಮಾಡುತ್ತಿದ್ದವರು ಬಿಟ್ಟು ಹೋದರು, ಅದೂ ನನ್ನ ಪಾಲಿಗೆ ಬಂತು. ನಾನು ಬೆಳೆದದ್ದು ತೊಂಬತ್ತರ ದಶಕದ ದಾವಣಗೆರೆಯಲ್ಲಿ. ಏಡ್ಸ್ ಅಂದರೆ ಸಾವು ಅನ್ನೋದರಾಚೆಗೆ ನನಗೆ ಯಾರೂ ಏನೂ ಹೇಳಿರಲಿಲ್ಲ. ಹಾಗಾಗಿ ನಾನೂ ಹುಣ್ಣಿನ ಚಿತ್ರ, ಸೂಜಿಯ ಚಿತ್ರ, ಎಲುಬು ಬಿಟ್ಟ ಮೈಯ ಚಿತ್ರ ಹುಡುಕಿ ತಂದು ತೋರಿಸಿದೆ. ಮಕ್ಕಳು ಸುಮ್ಮನೆ ಕೂತು ನೋಡಿದರು.

ಆ ಪಾಠದಿಂದ ನಷ್ಟವೂ ಆಗಲಿಲ್ಲ, ಲಾಭವೂ ಆಗಲಿಲ್ಲ. ನಷ್ಟವಾದದ್ದು ಆಮೇಲೆ.

ಎಲ್ಲರೂ ಹೋದ ಮೇಲೆ ಒಬ್ಬ ಹುಡುಗ ಕುರ್ಚಿ ಜೋಡಿಸುವ ನೆಪದಲ್ಲಿ ಉಳಿದುಕೊಂಡ. ಹದಿನೇಳು ವರ್ಷ, ಲೆಕ್ಕದಲ್ಲಿ ಚುರುಕು. ಹಿಂದಿನ ತಿಂಗಳು ಪಾರ್ಟಿಯೊಂದರಲ್ಲಿ ಕುಡಿದು, ಗಾಂಜಾ ಸೇದಿ, ಯಾರ ಜೊತೆಗೋ ಹೋಗಿದ್ದ. ಕಾಂಡೋಮ್ ಬಳಸಿರಲಿಲ್ಲ. ನಾನು ತೋರಿಸಿದ ಸೂಜಿಗೂ ಅವನ ಬದುಕಿಗೂ ಸಂಬಂಧವೇ ಇರಲಿಲ್ಲ. ಇಂಥ ಮಕ್ಕಳ ವಿಷಯದಲ್ಲಿ ಮಾದಕ ವಸ್ತುವಿಗೂ ಎಚ್‌ಐವಿಗೂ ಗಂಟು ಬೀಳುವುದು ಹೆಚ್ಚಾಗಿ ಹೀಗೇ, ಅಮಲಿನಲ್ಲಿ ಕಾಂಡೋಮ್ ಮರೆತ ಒಂದು ರಾತ್ರಿಯಿಂದ. ಪರೀಕ್ಷೆ ಎಲ್ಲಿ ಮಾಡುತ್ತಾರೆ ಅಂತ ಕೇಳಿದ. ಹತ್ತಿರದ ಯಾವ ಕ್ಲಿನಿಕ್ಕಿಗಾದರೂ ಹೋಗು, ಅಮ್ಮನ ಇನ್ಶೂರೆನ್ಸ್ ಕಾರ್ಡ್ ಇದೆಯಲ್ಲ, ಅದನ್ನೇ ತೋರಿಸು ಅಂದೆ.

ಆ ಮಾತೇ ತಪ್ಪಾದದ್ದು. ಸ್ವಲ್ಪ ಬಿಡಿಸಿ ಹೇಳುತ್ತೇನೆ, ಯಾಕೆಂದರೆ ಭಾರತದಿಂದ ಬಂದ ನಮಗೆ ಇದು ಹೊಳೆಯುವುದೇ ಇಲ್ಲ. ಅಟ್ಲಾಂಟಾ ಇರುವ ಅಮೆರಿಕದ ಜಾರ್ಜಿಯಾ ರಾಜ್ಯದಲ್ಲಿ ಹದಿನೆಂಟು ತುಂಬದವರೂ ಲೈಂಗಿಕ ಸೋಂಕುಗಳ ಪರೀಕ್ಷೆಗೆ, ಚಿಕಿತ್ಸೆಗೆ ತಾವೇ ಒಪ್ಪಿಗೆ ಕೊಡಬಹುದು. ಅದು ನನಗೆ ಗೊತ್ತಿತ್ತು, ಅಷ್ಟು ಗೊತ್ತಿದ್ದರೆ ಸಾಕು ಅಂದುಕೊಂಡಿದ್ದೆ. ಆದರೆ ಇನ್ಶೂರೆನ್ಸ್ ಬಳಸಿದ ಕೂಡಲೇ ಪಾಲಿಸಿ ಯಾರ ಹೆಸರಲ್ಲಿದೆಯೋ ಅವರಿಗೆ ಸಾಮಾನ್ಯವಾಗಿ ಒಂದು ಪತ್ರ ಹೊರಡುತ್ತದೆ. ಮೇಲೆ ದಪ್ಪ ಅಕ್ಷರದಲ್ಲಿ ‘ಇದು ಬಿಲ್ ಅಲ್ಲ’ ಅಂತ ಇರುತ್ತದೆ. ಕೆಳಗೆ ಸಾಲಾಗಿ ರೋಗಿಯ ಹೆಸರು, ತಾರೀಖು, ಕ್ಲಿನಿಕ್ಕಿನ ಹೆಸರು, ಯಾವ ಸೇವೆ, ಎಷ್ಟು ಡಾಲರ್, ಕಂಪನಿ ಎಷ್ಟು ಕೊಟ್ಟಿತು. ವೈದ್ಯರು ಬಾಯಿ ಬಿಡಬೇಕಾಗಿಲ್ಲ, ಟಪಾಲಿನವನು ಸಾಕು. ಪತ್ರ ಬೇರೆ ವಿಳಾಸಕ್ಕೆ ಕಳಿಸಿ ಅಂತ ಕಂಪನಿಯನ್ನು ಕೇಳಲು ದಾರಿ ಇದೆ, ಆದರೆ ಅದನ್ನು ಮೊದಲೇ ಕೇಳಿಕೊಂಡಿರಬೇಕು. ಹದಿನೇಳರ ಹುಡುಗನಿಗೆ ಅದನ್ನು ಹೇಳಬೇಕಾದವಳು ನಾನು. ಕೌಂಟಿಯ ಆರೋಗ್ಯ ಕೇಂದ್ರಕ್ಕೆ ಕಳಿಸಿದ್ದರೆ ಇನ್ಶೂರೆನ್ಸ್ ಬಳಸದೆಯೂ ಪರೀಕ್ಷೆ ಆಗಬಹುದಿತ್ತು.

ಪತ್ರವನ್ನು ಅವನ ತಾಯಿ ಒಡೆದು ಓದಿದರು. ಅವನ ಫಲಿತಾಂಶ ನೆಗೆಟಿವ್ ಬಂದಿತ್ತು. ಆದರೆ ಅದನ್ನು ಕೇಳುವ ಸ್ಥಿತಿಯಲ್ಲಿ ಮನೆಯಲ್ಲಿ ಯಾರೂ ಇರಲಿಲ್ಲ. ಅವನನ್ನು ಬೇರೆ ರಾಜ್ಯದ ನೆಂಟರ ಮನೆಗೆ ಕಳಿಸಿದರು, ಓದು ಅರ್ಧಕ್ಕೆ ನಿಂತಿತು. ಸುದ್ದಿ ತರಗತಿಗೂ ಬಂತು. ಅಲ್ಲಿಂದಾಚೆ ನನ್ನ ಹತ್ತಿರ ಒಂದು ಮಗುವೂ ಒಂದೇ ಒಂದು ಪ್ರಶ್ನೆ ಕೇಳಲಿಲ್ಲ. ಆ ತಾಯಿಯನ್ನು ನಾನು ಬೈಯುವುದಿಲ್ಲ. ಎರಡು ಪಾಳಿ ದುಡಿದು ಬಂದವರ ಕೈಗೆ ಮಗನ ಈ ಸುದ್ದಿ ಮೊದಲ ಸಲ ಅಪರಿಚಿತರ ಕಾಗದದಲ್ಲಿ ಸಿಕ್ಕಿದರೆ ಯಾರು ತಾನೇ ಸಮಾಧಾನದಿಂದ ಇರುತ್ತಾರೆ?

ಈಗ ನಿಮ್ಮ ಪ್ರಶ್ನೆಯೊಳಗಿನ ಒಂದು ಮಾತಿಗೆ ಬರುತ್ತೇನೆ, ಅದನ್ನು ನಾನು ಒಪ್ಪುವುದಿಲ್ಲ. ‘ಈ ಮಕ್ಕಳಲ್ಲಿ ಚಟ ಜಾಸ್ತಿ, ಅದಕ್ಕೇ ಎಚ್‌ಐವಿ ಜಾಸ್ತಿ’ ಅಂದಿದ್ದೀರಿ. ಹಾಗಲ್ಲ. ಹೈಸ್ಕೂಲು ಮಕ್ಕಳ ರಾಷ್ಟ್ರೀಯ ಸಮೀಕ್ಷೆಗಳನ್ನು ತೆಗೆದು ನೋಡಿ, ಕುಡಿತದಲ್ಲಂತೂ ಕಪ್ಪು ಮಕ್ಕಳು ಬಿಳಿ ಮಕ್ಕಳಿಗಿಂತ ಹಿಂದೆಯೇ ಇರುತ್ತಾರೆ. ಆದರೂ ದೇಶದ ಜನಸಂಖ್ಯೆಯಲ್ಲಿ ಸುಮಾರು ಶೇಕಡಾ 13ರಷ್ಟಿರುವ ಕಪ್ಪು ಜನರ ಪಾಲಿಗೆ ಹೊಸ ಎಚ್‌ಐವಿ ಪ್ರಕರಣಗಳಲ್ಲಿ ಹೆಚ್ಚುಕಡಿಮೆ ಶೇಕಡಾ 40 ಬರುತ್ತಿದೆ, ಒಟ್ಟು ಹೊಸ ಪ್ರಕರಣಗಳಲ್ಲಿ ಅರ್ಧದಷ್ಟು ದಕ್ಷಿಣದ ರಾಜ್ಯಗಳವು. ಇನ್ಶೂರೆನ್ಸ್ ಇಲ್ಲದೆ, ಹತ್ತಿರ ಕ್ಲಿನಿಕ್ ಇಲ್ಲದೆ, ಆಸ್ಪತ್ರೆಯ ಮೇಲೆ ನಂಬಿಕೆ ಇಲ್ಲದೆ ಚಿಕಿತ್ಸೆ ತಪ್ಪಿಹೋದ ಕಡೆ ವೈರಸ್ಸು ಸುತ್ತುತ್ತಲೇ ಇರುತ್ತದೆ. ಅಲ್ಲಿನ ಹುಡುಗ ಒಂದು ಸಲ ಎಡವಿದರೂ ಸಿಕ್ಕಿಬೀಳಬಹುದು, ಬೇರೆ ಕಡೆಯವನು ಹತ್ತು ಸಲ ಎಡವಿದರೂ ಪಾರಾಗಬಹುದು. 2015ರಲ್ಲಿ ಇಂಡಿಯಾನಾದ ಸ್ಕಾಟ್ ಕೌಂಟಿಯಲ್ಲಿ ನೋವಿನ ಮಾತ್ರೆಯನ್ನು ಕರಗಿಸಿ ಚುಚ್ಚಿಕೊಳ್ಳುತ್ತಿದ್ದವರ ನಡುವೆ ಎಚ್‌ಐವಿ ಹಬ್ಬಿತಲ್ಲ, ಕೊನೆಗೆ 200 ಮೀರಿದ ಆ ರೋಗಿಗಳು ಹೆಚ್ಚುಕಡಿಮೆ ಎಲ್ಲರೂ ಬಿಳಿಯರೇ. ಅಲ್ಲಿಯೂ ಕೊರತೆ ಇದ್ದದ್ದು ಪರೀಕ್ಷೆಯದು, ಸ್ವಚ್ಛ ಸೂಜಿಯದು. ನೀವು ಬಣ್ಣ ಮನಸ್ಸಲ್ಲಿಟ್ಟುಕೊಂಡು ತರಗತಿಗೆ ಹೋದರೆ ಮಕ್ಕಳಿಗೆ ಐದು ನಿಮಿಷದಲ್ಲಿ ಗೊತ್ತಾಗುತ್ತದೆ.

ಬರೀ ಎಚ್ಚರಿಸಿ ಬೇಡ ಅನ್ನಿಸುವ ದಾರಿಯನ್ನು ಈ ದೇಶ ದೊಡ್ಡದಾಗಿ ಪ್ರಯತ್ನಿಸಿಯೂ ನೋಡಿದೆ. 1983ರಲ್ಲಿ ಲಾಸ್ ಏಂಜಲೀಸ್‌ನಲ್ಲಿ ಶುರುವಾದ ‘ಡೇರ್’ ಕಾರ್ಯಕ್ರಮದಲ್ಲಿ ಪೊಲೀಸರೇ ಶಾಲೆಗೆ ಬಂದು ಡ್ರಗ್ಸ್ ಬೇಡ ಅನ್ನಿ ಅಂತ ಕಲಿಸುತ್ತಿದ್ದರು. ಸಂಶೋಧಕರು ಮತ್ತೆ ಮತ್ತೆ ಅಳೆದಾಗ, ಆ ಪಾಠ ಕೇಳಿದವರಿಗೂ ಕೇಳದವರಿಗೂ ಹೇಳಿಕೊಳ್ಳುವಂಥ ವ್ಯತ್ಯಾಸ ಕಾಣಲಿಲ್ಲ.

ಫಲ ಕೊಟ್ಟದ್ದು ಬೇರೆ. ಜಾರ್ಜಿಯಾ ವಿಶ್ವವಿದ್ಯಾಲಯದ ಜೀನ್ ಬ್ರೋಡಿ, ವೆಲ್ಮಾ ಮೆಕ್‌ಬ್ರೈಡ್ ಮರಿ ಅವರ ತಂಡ ಇದೇ ರಾಜ್ಯದ ಹಳ್ಳಿಗಾಡಿನ ಕಪ್ಪು ಕುಟುಂಬಗಳಿಗಾಗಿ 7 ವಾರಗಳ ಒಂದು ಕಾರ್ಯಕ್ರಮ ರೂಪಿಸಿತು. ಮಕ್ಕಳ ವಯಸ್ಸು ಹನ್ನೊಂದರ ಆಸುಪಾಸು. ಮೊದಲ ಗಂಟೆ ಹೆತ್ತವರು ಒಂದು ಕೋಣೆಯಲ್ಲಿ, ಮಕ್ಕಳು ಇನ್ನೊಂದರಲ್ಲಿ. ಎರಡನೇ ಗಂಟೆ ಎಲ್ಲರೂ ಒಟ್ಟಿಗೆ. ಮನೆಯ ಕಟ್ಟುಪಾಡು, ಕುಡಿತ, ಲೈಂಗಿಕತೆ, ಜನಾಂಗದ ಕಾರಣಕ್ಕೆ ಅವಮಾನವಾದಾಗ ಏನು ಮಾಡಬೇಕು, ಎಲ್ಲವೂ ಅಲ್ಲಿ ಮಾತಿಗೆ ಬರುತ್ತಿತ್ತು. ಆ ಮಕ್ಕಳಲ್ಲಿ ಕುಡಿತ ಶುರುವಾಗುವುದು ತಡವಾಯಿತು. ಮಯಾಮಿಯಲ್ಲಿ ಲ್ಯಾಟಿನೋ ಕುಟುಂಬಗಳಿಗಾಗಿ ಕಟ್ಟಿದ ‘ಫಮೀಲಿಯಾಸ್ ಉನಿದಾಸ್’ ಕೂಡ ಮೊದಲು ಕೂರಿಸಿಕೊಂಡದ್ದು ಅಪ್ಪಅಮ್ಮಂದಿರನ್ನು.

ಹಾಗಾದರೆ ಹೆತ್ತವರಿಗೆ ಗೊತ್ತಾಗಬೇಕೋ ಬೇಡವೋ ಅಂತ ಕೇಳಬಹುದು. ಎರಡೂ ಬೇಕು, ಕ್ರಮ ಮುಖ್ಯ. ಮಾತು ಮನೆಯಲ್ಲಿ ಮೊದಲೇ ಶುರುವಾಗಿರಬೇಕು, ಪರೀಕ್ಷೆಯ ಗುಟ್ಟು ಮಾತ್ರ ಮಗುವಿನ ಕೈಯಲ್ಲೇ ಇರಬೇಕು. ಈ ದೇಶದಲ್ಲಿ ಎಚ್‌ಐವಿ ಇರುವ 13ರಿಂದ 24ರ ಹತ್ತು ಮಂದಿಯಲ್ಲಿ ಸುಮಾರು ನಾಲ್ವರಿಗೆ ತಮಗಿದೆ ಅನ್ನೋದೇ ಗೊತ್ತಿಲ್ಲ. ಗುಟ್ಟು ಉಳಿಯುತ್ತದೆ ಅನ್ನೋ ಧೈರ್ಯ ಕೊಡದೆ ಅವರನ್ನು ಪರೀಕ್ಷೆಗೆ ಕರೆತರಲು ಆಗುವುದಿಲ್ಲ.

ಪಾಠದಲ್ಲಿ ಇಷ್ಟನ್ನು ಮಾತ್ರ ಬಿಡಬೇಡಿ. ಅಪಾಯವಾದ 72 ಗಂಟೆಯೊಳಗೆ ಶುರು ಮಾಡಿ 28 ದಿನ ನುಂಗಿದರೆ ಸೋಂಕು ತಡೆಯುವ ಮಾತ್ರೆ ಇದೆ, ಅದರ ಹೆಸರು ಪೆಪ್. ಮೊದಲೇ ತೆಗೆದುಕೊಳ್ಳುವ ಪ್ರೆಪ್ ಮಾತ್ರೆಯನ್ನು 2018ರಿಂದ 35 ಕಿಲೋ ತೂಕ ದಾಟಿದ ಹದಿಹರೆಯದವರಿಗೂ ಕೊಡಲು ಒಪ್ಪಿಗೆ ಇದೆ. ಚಿಕಿತ್ಸೆಯಿಂದ ವೈರಸ್ಸು ಪರೀಕ್ಷೆಗೆ ಸಿಗದಷ್ಟು ಇಳಿದವರಿಂದ ಲೈಂಗಿಕ ಸಂಪರ್ಕದಲ್ಲಿ ಸೋಂಕು ಹರಡುವುದಿಲ್ಲ. ಬೀದಿಯಲ್ಲಿ ಸಿಗುವ ನಕಲಿ ಮಾತ್ರೆಯಲ್ಲಿ ಫೆಂಟನಿಲ್, ಅಂದರೆ ಸ್ವಲ್ಪವೇ ಹೆಚ್ಚಾದರೂ ಜೀವ ತೆಗೆಯುವ ಅಮಲಿನ ಔಷಧಿ, ಇರಬಹುದು. ಯಾರಾದರೂ ಉಸಿರು ಕಟ್ಟಿ ಬಿದ್ದರೆ ಆ ಅಮಲನ್ನು ಇಳಿಸಲು ಮೂಗಿಗೆ ಹಾಕುವ ನಾರ್ಕಾನ್ ಎಂಬ ಔಷಧಿ 2023ರಿಂದ ವೈದ್ಯರ ಚೀಟಿಯಿಲ್ಲದೆ ಸಿಗುತ್ತದೆ.

ತರಗತಿಯ ದಿನ ಗೊತ್ತುಮಾಡುವ ಮುಂಚೆ ನಿಮ್ಮ ಕೌಂಟಿ ಆರೋಗ್ಯ ಕೇಂದ್ರಕ್ಕೆ ಫೋನ್ ಮಾಡಿ. ಹದಿನೇಳರ ಹುಡುಗ ಒಬ್ಬನೇ ಬಂದರೆ ಏನೇನು ಕೇಳುತ್ತೀರಿ, ದುಡ್ಡು ಯಾರು ಕಟ್ಟಬೇಕು, ಮನೆಗೆ ಕಾಗದ ಬರುತ್ತದೆಯೇ, ಫಲಿತಾಂಶ ಯಾವ ನಂಬರಿಗೆ ಹೇಳುತ್ತೀರಿ ಅಂತ ಕೇಳಿ ಬರೆದುಕೊಳ್ಳಿ. ಬಸ್ಸಲ್ಲೇ ಒಮ್ಮೆ ಅಲ್ಲಿಗೆ ಹೋಗಿಬನ್ನಿ, ಆ ಮಕ್ಕಳ ಹತ್ತಿರ ಕಾರಿಲ್ಲ.