ಒಂದೇ ಷೇರು, ಒಂದೇ ದಿನ, ಎರಡು ಮುಕ್ತಾಯ ಬೆಲೆ

2025ರ ಮಾರ್ಚ್ 31ಕ್ಕೆ ನಿಮ್ಮ ಷೇರುಗಳ ಮೌಲ್ಯ ಲೆಕ್ಕ ಹಾಕಲು ಯಾವ ಮುಕ್ತಾಯ ಬೆಲೆ ತೆಗೆದುಕೊಳ್ಳಬೇಕು ಅಂತ ಕೇಳಿದ್ದೀರಿ. ಆ್ಯಪ್‌ನಲ್ಲಿ ಒಂದು ಬೆಲೆ, ಡಿಮ್ಯಾಟ್ (ಷೇರು ಖಾತೆ) ಸ್ಟೇಟ್‌ಮೆಂಟ್‌ನಲ್ಲಿ ಇನ್ನೊಂದು ಬರುವುದಕ್ಕೆ ಬಹುಶಃ ಕಾರಣ ಇದು: ನಮ್ಮಲ್ಲಿ ಎನ್‌ಎಸ್‌ಇ, ಬಿಎಸ್‌ಇ ಅಂತ ಎರಡು ದೊಡ್ಡ ಷೇರು ವಿನಿಮಯ ಕೇಂದ್ರಗಳು (ಎಕ್ಸ್‌ಚೇಂಜ್) ಇವೆ; ಒಂದು ಕಡೆ ಎನ್‌ಎಸ್‌ಇ ಬೆಲೆ, ಇನ್ನೊಂದು ಕಡೆ ಬಿಎಸ್‌ಇ ಬೆಲೆ. ಇಲ್ಲವೇ ಆ್ಯಪ್ ಕೊನೆಯ ವಹಿವಾಟಿನ ಬೆಲೆ ತೋರಿಸುತ್ತಿದೆ. ಅದು ಮುಕ್ತಾಯ ಬೆಲೆ ಅಲ್ಲ. 2025ರ ಮಾರ್ಚ್‌ನಲ್ಲಿ ಮುಕ್ತಾಯ ಬೆಲೆ ಅಂದರೆ ಮಧ್ಯಾಹ್ನ 3ರಿಂದ 3.30ರವರೆಗೆ ನಡೆದ ವಹಿವಾಟಿನ ಸರಾಸರಿ ಆಗಿತ್ತು. ಜಾಸ್ತಿ ಷೇರು ಕೈ ಬದಲಾದ ಬೆಲೆಗೆ ಅದರಲ್ಲಿ ಜಾಸ್ತಿ ತೂಕ ಇತ್ತು. ನಿಮ್ಮದರಲ್ಲಿ ಇವೆರಡರಲ್ಲಿ ಯಾವುದು ಅಂತ ಸ್ಕ್ರೀನ್‌ಶಾಟ್ ನೋಡದೆ ಖಚಿತವಾಗಿ ಹೇಳಲಾರೆ.

ಮೊದಲು ದಿನಾಂಕ ನೋಡಿ. ನೀವು ಕೇಳಿದ 2025ರ ಮಾರ್ಚ್ 31 ರಂಜಾನ್ ರಜೆ, ಮಾರುಕಟ್ಟೆಯೇ ತೆರೆದಿರಲಿಲ್ಲ. ಹಾಗಾಗಿ ಮಾರ್ಚ್ 28, ಶುಕ್ರವಾರದ ಬೆಲೆ ತೆಗೆದುಕೊಳ್ಳಬೇಕು. ಆಮೇಲೆ ಎಕ್ಸ್‌ಚೇಂಜ್ ವೆಬ್‌ಸೈಟ್‌ನಿಂದ ಆ ದಿನದ ಭಾವ್‌ಕಾಪಿ (ಎಲ್ಲ ಷೇರುಗಳ ದಿನದ ಬೆಲೆಪಟ್ಟಿ) ಇಳಿಸಿಕೊಳ್ಳಿ, ಉಚಿತ. ಅದರಲ್ಲಿ 'ಕ್ಲೋಸ್' ಮತ್ತು 'ಲಾಸ್ಟ್' ಬೇರೆ ಬೇರೆ ಕಾಲಂ. ಕ್ಲೋಸ್ ತೆಗೆದುಕೊಳ್ಳಿ. ಎಲ್ಲ ಷೇರುಗಳಿಗೂ, ಪ್ರತಿ ವರ್ಷವೂ ಒಂದೇ ಎಕ್ಸ್‌ಚೇಂಜ್ ಇಟ್ಟುಕೊಳ್ಳಿ. ಯಾವುದು ಅನ್ನೋದಕ್ಕಿಂತ ಬದಲಾಯಿಸದೆ ಇರೋದು ಮುಖ್ಯ.

ವ್ಯತ್ಯಾಸ ಪೈಸೆಗಳಲ್ಲಿದ್ದರೆ ಇಷ್ಟೇ ಸಾಕು. ಬೆಲೆ ಅರ್ಧವೋ ಐದನೇ ಒಂದು ಭಾಗವೋ ಆಗಿ ಕಂಡರೆ ಕಥೆ ಬೇರೆ. ಬೋನಸ್ (ಕಂಪನಿ ಉಚಿತವಾಗಿ ಕೊಡುವ ಹೆಚ್ಚುವರಿ ಷೇರು) ಅಥವಾ ಸ್ಪ್ಲಿಟ್ (ಒಂದು ಷೇರನ್ನು ಹಲವಾಗಿ ಒಡೆಯುವುದು) ಆದ ಮೇಲೆ ಚಾರ್ಟ್‌ಗಳು ಹಳೆಯ ಬೆಲೆಯನ್ನೂ ಇಳಿಸಿ ತೋರಿಸುತ್ತವೆ. ಭಾವ್‌ಕಾಪಿಯಲ್ಲಿ ಅಂದಿನ ಬೆಲೆ ಹಾಗೇ ಇರುತ್ತದೆ. ಅದನ್ನು ಅಂದು ನಿಮ್ಮ ಬಳಿ ಇದ್ದ ಷೇರುಗಳ ಸಂಖ್ಯೆಗೇ ಗುಣಿಸಿ, ಇಂದಿನ ಸಂಖ್ಯೆಗಲ್ಲ.