ಡಿಬಿಟಿ ನನಗೆ ಹೊಂದುತ್ತದೆಯೇ?

ಉಕ್ಕುವ ಭಾವನೆಗಳನ್ನು ನಿಭಾಯಿಸಲು ಕಲಿಸುವ ಮಾತಿನ ಚಿಕಿತ್ಸೆಯಾದ ಡಯಲೆಕ್ಟಿಕಲ್ ಬಿಹೇವಿಯರ್ ಥೆರಪಿ, ಅಂದರೆ ಡಿಬಿಟಿ, ಕುರಿತು ಬರುವ ಪತ್ರಗಳಲ್ಲಿ ಒಂದೇ ಪ್ರಶ್ನೆ ಮತ್ತೆ ಮತ್ತೆ ಎದುರಾಗುತ್ತಿದೆ. ಹಣ ಕಟ್ಟಿಯಾದ ಮೇಲೆ ಕೇಳುವವರೇ ಹೆಚ್ಚಾಗಿರುವುದರಿಂದ, ಈ ಬಾರಿ ಒಂದು ಪತ್ರಕ್ಕೆ ವಿವರವಾಗಿ ಉತ್ತರಿಸುತ್ತಿದ್ದೇನೆ.

ಪ್ರಶ್ನೆ: ನನಗೆ 27 ವರ್ಷ. ಸಣ್ಣ ಮಾತಿಗೂ ಮನಸ್ಸು ಕದಡಿಹೋಗುತ್ತದೆ. ಈ ವರ್ಷ ಎರಡು ಬಾರಿ ಮೈಗೆ ಗಾಯ ಮಾಡಿಕೊಂಡಿದ್ದೇನೆ. ಮೊಬೈಲಿನಲ್ಲಿ ಪ್ರಶ್ನಾವಳಿಯೊಂದಕ್ಕೆ ಉತ್ತರಿಸಿದಾಗ ಬಾರ್ಡರ್‌ಲೈನ್ ಪರ್ಸನಾಲಿಟಿ ಡಿಸಾರ್ಡರ್ ಎಂದು ಬಂತು. 6 ವಾರದ ಆನ್‌ಲೈನ್ ಡಿಬಿಟಿ ಕೋರ್ಸಿಗೆ ಸೇರಬಹುದೇ?

ಉತ್ತರ: ಗಾಯ ಮಾಡಿಕೊಂಡದ್ದನ್ನು ನೀವು ಒಂದೇ ಸಾಲಿನಲ್ಲಿ ಹೇಳಿ ಮುಂದೆ ಹೋಗಿದ್ದೀರಿ, ನಾನು ಅಲ್ಲಿಂದಲೇ ಆರಂಭಿಸುತ್ತೇನೆ. ಕೋರ್ಸಿನ ವಿಚಾರ ಬದಿಗಿಟ್ಟು ಈ ವಾರವೇ ಮನೋವೈದ್ಯರನ್ನು ಕಾಣಿರಿ. ಅದಕ್ಕೂ ಮೊದಲೇ ಸಾಯುವ ಯೋಚನೆ ಬಂದರೆ ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಕರೆ ಮಾಡಿ. ಅಲ್ಲಿ ಕನ್ನಡದಲ್ಲಿಯೇ, ಹಗಲು ರಾತ್ರಿಯೆನ್ನದೆ ಮಾತನಾಡಬಹುದು.

ಮೊಬೈಲಿನ ಪ್ರಶ್ನಾವಳಿ ರೋಗನಿರ್ಣಯವಲ್ಲ. ಬಾರ್ಡರ್‌ಲೈನ್ ಎಂದರೆ ಭಾವನೆಗಳೂ ಸಂಬಂಧಗಳೂ ಸ್ಥಿರವಾಗಿ ನಿಲ್ಲದ ಮಾನಸಿಕ ಕಾಯಿಲೆ, ಬೇರೆ ಕಾಯಿಲೆಗಳೂ ಅದರಂತೆಯೇ ಕಾಣಬಹುದು. ಬೈಪೋಲಾರ್ ಕಾಯಿಲೆಯಲ್ಲಿ ಮನಸ್ಥಿತಿಯ ಏರುಪೇರು ಸಾಮಾನ್ಯವಾಗಿ ದಿನಗಟ್ಟಲೆ, ವಾರಗಟ್ಟಲೆ ನಿಲ್ಲುತ್ತದೆ. ಬಾರ್ಡರ್‌ಲೈನ್‌ನಲ್ಲಿ ಯಾರೋ ಆಡಿದ ಮಾತಿಗೆ, ಯಾರೋ ದೂರವಾದರೆಂಬ ಭಯಕ್ಕೆ ಗಂಟೆಗಳಲ್ಲಿಯೇ ಏರಿ ಇಳಿಯುತ್ತದೆ. ಕುಡಿತ, ಥೈರಾಯ್ಡ್ ತೊಂದರೆ, ಹಳೆಯ ಆಘಾತಗಳೂ ಇಂಥದ್ದೇ ಚಿತ್ರವನ್ನು ತೋರಿಸಬಲ್ಲವು. ಇವನ್ನು ಬಿಡಿಸಿ ನೋಡಲು ಎದುರು ಕುಳಿತು ನಿಮ್ಮ ಪೂರ್ವಾಪರವನ್ನು ಕೇಳುವ ಒಬ್ಬರು ಬೇಕು.

ಆದರೆ ಡಿಬಿಟಿಯ ಮಟ್ಟಿಗೆ, ಕಾಯಿಲೆಯ ಹೆಸರಿಗಿಂತ ನಾನು ಮುಖ್ಯವಾಗಿ ಕೇಳುವ ಪ್ರಶ್ನೆ ಬೇರೆ: ಭಾವನೆ ಉಕ್ಕಿ ಬಂದಾಗ ನೀವು ಏನು ಮಾಡುತ್ತೀರಿ? ಸಿಯಾಟಲ್‌ನ ವಾಷಿಂಗ್ಟನ್ ವಿಶ್ವವಿದ್ಯಾಲಯದ ಮಾರ್ಷಾ ಲಿನೆಹನ್ ಈ ಚಿಕಿತ್ಸೆಯನ್ನು ರೂಪಿಸಿದ್ದು ಮತ್ತೆ ಮತ್ತೆ ಪ್ರಾಣ ಕಳೆದುಕೊಳ್ಳಲು ಯತ್ನಿಸುತ್ತಿದ್ದ ಮಹಿಳೆಯರಿಗಾಗಿ. ಅದರ ಮೊದಲ ಪ್ರಯೋಗದ ಫಲಿತಾಂಶ ಪ್ರಕಟವಾದದ್ದು 1991ರಲ್ಲಿ. ‘ನೀವು ಬದಲಾಗಬೇಕು’ ಎಂದಷ್ಟೇ ಹೇಳಿದರೆ ನೊಂದವರಿಗೆ ಅದು ದೂಷಣೆಯಾಗಿ ಕೇಳಿಸುತ್ತದೆ, ನಿಮ್ಮ ನೋವು ಅರ್ಥವಾಗುತ್ತದೆ ಎಂದಷ್ಟೇ ಹೇಳಿದರೆ ಬದುಕು ಇದ್ದಲ್ಲೇ ಇರುತ್ತದೆ. ಈ ಎರಡನ್ನೂ ಒಟ್ಟಿಗೆ ಹಿಡಿದುಕೊಂಡು ಹೋಗುವುದೇ ಹೆಸರಿನಲ್ಲಿರುವ ‘ಡಯಲೆಕ್ಟಿಕಲ್’ ಎಂಬ ಮಾತಿನ ತಿರುಳು. ಆದ್ದರಿಂದ ಸಂಕಟ ಏರಿದಾಗ ಗಾಯ ಮಾಡಿಕೊಳ್ಳುವ, ಕುಡಿಯುವ, ಸಂಬಂಧವನ್ನೇ ಕಡಿದುಕೊಳ್ಳುವ ಅಭ್ಯಾಸವಿದ್ದರೆ ಡಿಬಿಟಿಗೆ ಅಲ್ಲಿ ನೇರವಾದ ಕೆಲಸವಿದೆ. ಹತ್ತಾರು ಬಾರಿ ಕೈ ತೊಳೆಯುವ ಗೀಳಿಗೆ ಅದಕ್ಕೆಂದೇ ಇರುವ ಬೇರೆ ಚಿಕಿತ್ಸೆಯನ್ನು ಕೇಳಿ ಪಡೆಯಬೇಕು.

ಇನ್ನು 6 ವಾರದ ಕೋರ್ಸು. ಪೂರ್ಣ ಡಿಬಿಟಿಯಲ್ಲಿ ನಾಲ್ಕು ಅಂಗಗಳಿವೆ: ವಾರಕ್ಕೊಮ್ಮೆ ಚಿಕಿತ್ಸಕರೊಡನೆ ಒಬ್ಬರೇ ಕುಳಿತು ಮಾತುಕತೆ, ವಾರಕ್ಕೊಮ್ಮೆ ಗುಂಪಿನಲ್ಲಿ ಕೌಶಲ್ಯಗಳ ತರಗತಿ, ಬಿಕ್ಕಟ್ಟಿನ ಹೊತ್ತಿನಲ್ಲಿ ಫೋನಿನ ಮಾರ್ಗದರ್ಶನ, ಮತ್ತು ಚಿಕಿತ್ಸಕರು ತಮ್ಮ ತಪ್ಪುಗಳನ್ನು ತಾವೇ ತಿದ್ದಿಕೊಳ್ಳಲು ಸೇರುವ ತಂಡದ ಸಭೆ. ಕೌಶಲ್ಯಗಳ ಒಂದು ಸುತ್ತಿಗೇ ಸುಮಾರು 24 ವಾರ ಬೇಕು, ಅದನ್ನು ಎರಡು ಬಾರಿ ಕಲಿಸಿ ವರ್ಷ ತುಂಬಿಸುವುದು ವಾಡಿಕೆ. ಬಾರ್ಡರ್‌ಲೈನ್‌ಗೆ ಮೂರು ತಿಂಗಳಿಗಿಂತ ಚಿಕ್ಕದಾದ ಮಾತಿನ ಚಿಕಿತ್ಸೆ ಕೊಡಬಾರದೆಂದು ಚಿಕಿತ್ಸೆಗಳ ಮಾರ್ಗಸೂಚಿ ರೂಪಿಸುವ ಬ್ರಿಟನ್ನಿನ ನೈಸ್ ಸಂಸ್ಥೆ 2009ರ ಮಾರ್ಗಸೂಚಿಯಲ್ಲೇ ಹೇಳಿದೆ. ವಾರಾಂತ್ಯದ ಕಾರ್ಯಾಗಾರವೊಂದಕ್ಕೆ ಹೋಗಿ ಬಂದು, ಸರ್ಟಿಫಿಕೇಟನ್ನು ಗೋಡೆಗೆ ತೂಗುಹಾಕಿ, ಪ್ರಾಣದ ಅಪಾಯವಿರುವವರಿಂದ ಮುಂಗಡ ಶುಲ್ಕ ಪಡೆಯುವುದು ನನ್ನ ಕಣ್ಣಿಗೆ ಅಕ್ಷಮ್ಯ. ಕಲಿಸುವವರ ಹೆಸರು ಭಾರತೀಯ ಪುನರ್ವಸತಿ ಪರಿಷತ್ತಿನಲ್ಲಿ ಕ್ಲಿನಿಕಲ್ ಸೈಕಾಲಜಿಸ್ಟ್ ಎಂದು ನೋಂದಣಿಯಾಗಿದೆಯೇ, ನಡುರಾತ್ರಿ ಬಿಕ್ಕಟ್ಟು ಬಂದರೆ ಏನು ವ್ಯವಸ್ಥೆಯಿದೆ ಎಂದು ಕೇಳಿ. ಉತ್ತರ ತಡವರಿಸಿದರೆ ಎದ್ದು ಬನ್ನಿ.

ನಿಮ್ಮ ಕಡೆಯಿಂದಲೂ ಸಿದ್ಧತೆ ಬೇಕು. ದಿನವೂ ಡೈರಿ ಕಾರ್ಡ್, ಅಂದರೆ ಆ ದಿನದ ಭಾವನೆ, ತುಡಿತಗಳನ್ನು ಗುರುತಿಸಿಕೊಳ್ಳುವ ಹಾಳೆ, ತುಂಬಬೇಕು. ಗಾಯ ಮಾಡಿಕೊಂಡ ದಿನ ಬೆಳಗಿನಿಂದ ಏನೇನಾಯಿತೆಂಬುದನ್ನು, ಎಷ್ಟೇ ಮುಜುಗರವಾದರೂ, ಕೊಂಡಿಗೆ ಕೊಂಡಿ ಸೇರಿಸಿ ಹೇಳಬೇಕು. ಸತತವಾಗಿ ನಾಲ್ಕು ವಾರ ತಪ್ಪಿಸಿದರೆ ಕಾರ್ಯಕ್ರಮದಿಂದ ಹೊರಗುಳಿಯಬೇಕೆಂಬ ನಿಯಮವೂ ಇದೆ. ಮನೆಯವರ ಒತ್ತಾಯಕ್ಕಷ್ಟೇ ಬಂದವರನ್ನು ನಾನು ಒಡನೆಯೇ ಸೇರಿಸಿಕೊಳ್ಳುವುದಿಲ್ಲ. ಅವರಿಗೇ ಏನು ಬೇಕೆಂಬುದು ಸ್ಪಷ್ಟವಾಗುವವರೆಗೆ ಮೊದಲ ಕೆಲವು ಭೇಟಿಗಳನ್ನು ಅದಕ್ಕೇ ಮೀಸಲಿಡುತ್ತೇನೆ. ಇದು ಅತಿಯಾದ ಎಚ್ಚರಿಕೆ ಎನ್ನುವ ಸಹೋದ್ಯೋಗಿಗಳಿದ್ದಾರೆ, ನಾನು ಬದಲಿಸಿಕೊಂಡಿಲ್ಲ.

ನಾಲ್ಕೂ ಅಂಗಗಳಿರುವ ತಂಡ ನಿಮ್ಮ ಊರಿನ ಹತ್ತಿರ ಸಿಗದೇ ಇರಬಹುದು, ಅದಕ್ಕೆ ಎದೆಗುಂದಬೇಡಿ. ಕೆನಡಾದ ಟೊರಾಂಟೊದಲ್ಲಿ 180 ಜನರ ಮೇಲೆ ನಡೆದು 2009ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಒಂದು ವರ್ಷ ಡಿಬಿಟಿ ಪಡೆದವರೂ, ಅಷ್ಟೇ ಕಾಲ ಶಿಸ್ತಾಗಿ ನಡೆದ ಸಾಮಾನ್ಯ ಮನೋವೈದ್ಯಕೀಯ ಚಿಕಿತ್ಸೆ ಪಡೆದವರೂ ಹೆಚ್ಚುಕಡಿಮೆ ಒಂದೇ ಸಮನಾಗಿ ಸುಧಾರಿಸಿದರು. ಈ ಕಾಯಿಲೆಯನ್ನು ಬಲ್ಲ, ನಿಮ್ಮನ್ನು ವರ್ಷವಿಡೀ ಬಿಡದೆ ನೋಡುವ ವೈದ್ಯರೊಬ್ಬರು ಜಿಲ್ಲಾಸ್ಪತ್ರೆಯಲ್ಲೇ ಸಿಕ್ಕರೆ, 6 ವಾರದ ಕೋರ್ಸಿಗಿಂತ ಅವರೇ ಮೇಲು.

ಪ್ರಶ್ನೆ: ಡಿಬಿಟಿ ಆರಂಭಿಸಿದೆ, ಮಾತ್ರೆ ನಿಲ್ಲಿಸಲೇ?

ಉತ್ತರ: ಬರೆದುಕೊಟ್ಟ ವೈದ್ಯರನ್ನು ಕೇಳದೆ ಒಂದು ಮಾತ್ರೆಯನ್ನೂ ನಿಲ್ಲಿಸಬೇಡಿ.

ಪ್ರಶ್ನೆ: ಎರಡೇ ಭೇಟಿಯಲ್ಲಿ ಸಮ್ಮೋಹನದಿಂದ ಸ್ವಭಾವ ಬದಲಿಸುತ್ತೇವೆ ಎನ್ನುತ್ತಾರೆ, ನಂಬಬಹುದೇ?

ಉತ್ತರ: ಇಲ್ಲ.

ಪ್ರಶ್ನೆ: ದಿನವೂ ಧ್ಯಾನ ಮಾಡುತ್ತೇನೆ, ಡಿಬಿಟಿ ಎಂದರೆ ಅದೇ ಅಲ್ಲವೇ?

ಉತ್ತರ: ಅಲ್ಲ. ಈ ಕ್ಷಣವನ್ನು ಎಚ್ಚರದಿಂದ ಗಮನಿಸುವ ಕೌಶಲ್ಯವನ್ನು (ಮೈಂಡ್‌ಫುಲ್‌ನೆಸ್) ಲಿನೆಹನ್ ಝೆನ್ ಎಂಬ ಬೌದ್ಧ ಧ್ಯಾನದ ಅಭ್ಯಾಸದಿಂದ ಪಡೆದದ್ದು ನಿಜ, ಆದರೆ ಅದು ನಾಲ್ಕು ಕೌಶಲ್ಯ ವಿಭಾಗಗಳಲ್ಲಿ ಒಂದು ಮಾತ್ರ. ಸಂಕಟ ಸಹಿಸುವುದು, ಭಾವನೆಗಳನ್ನು ಹತೋಟಿಯಲ್ಲಿಡುವುದು, ಸಂಬಂಧಗಳನ್ನು ನಿಭಾಯಿಸುವುದು ಉಳಿದ ಮೂರು.

ಪ್ರಶ್ನೆ: ಮಗಳಿಗೆ 15 ವರ್ಷ. ಅವಳನ್ನು ತರಗತಿಗೆ ಬಿಟ್ಟು ಹೋಗಿ, ಮುಗಿದ ಮೇಲೆ ಕರೆದುಕೊಂಡು ಹೋಗಬಹುದೇ?

ಉತ್ತರ: ಹದಿಹರೆಯದವರ ಡಿಬಿಟಿಯಲ್ಲಿ ತಂದೆ ತಾಯಿಯೂ ಅದೇ ಕೌಶಲ್ಯಗಳನ್ನು ಮಕ್ಕಳ ಪಕ್ಕದಲ್ಲಿ ಕುಳಿತು ಕಲಿಯುತ್ತಾರೆ. ವಾರಕ್ಕೊಂದು ಸಂಜೆಯನ್ನು ನೀವೂ ಬಿಡುವು ಮಾಡಿಕೊಳ್ಳುವುದಾದರೆ ಹೆಸರು ಬರೆಸಿ.